ಸಾಮಾನ್ಯ ಜ್ಞಾನ ಯಾರಿಗೆ ಸಾಮಾನ್ಯ?

ಧಾರವಾಡದ ಸಪ್ತಾಪುರದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ಬೆಳಗಿನ ಹೊತ್ತು ಯಾವುದಾದರೊಂದು ವಾಚನಾಲಯದ ಬಾಗಿಲಲ್ಲಿ ನಿಂತು ನೋಡಿ. ನಾವು ನೀವು ದಿನಪತ್ರಿಕೆ ಓದುವಂತೆ ಅಲ್ಲಿ ಯಾರೂ ಓದುವುದಿಲ್ಲ. ಕೊಲೆ, ಕಳವು, ಸಿನಿಮಾ, ಪಕ್ಷಾಂತರಗಳ ಪುಟಗಳನ್ನು ಸರಸರನೆ ಮಗುಚಿ ಹಾಕಿ, ಯಾವುದೋ ದೇಶದೊಡನೆ ಆದ ಒಪ್ಪಂದ, ರಿಸರ್ವ್ ಬ್ಯಾಂಕಿನ ಬಡ್ಡಿದರ, ಪಶ್ಚಿಮ ಘಟ್ಟದಲ್ಲಿ ಹೊಸದಾಗಿ ಪತ್ತೆಯಾದ ಕಪ್ಪೆ, ಇಂಥವನ್ನೇ ಹುಡುಕಿ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾರೆ. ಆ ಕಪ್ಪೆಯನ್ನು ಅವರಲ್ಲಿ ಬಹುಮಂದಿ ಜೀವಮಾನದಲ್ಲಿ ಕಾಣಲಾರರು. ಆದರೆ ಅದರ ಹೆಸರು ಗೊತ್ತಿಲ್ಲದ ಕಾರಣಕ್ಕೆ ಒಂದು ಅಂಕ ಹೋಗಿ, ಆ ಒಂದು ಅಂಕದಿಂದ ತಹಶೀಲ್ದಾರರ ಕುರ್ಚಿ ಕೈತಪ್ಪಿ ಹೋದವರಿದ್ದರೆ ಆಶ್ಚರ್ಯವಿಲ್ಲ.

ತಾಲ್ಲೂಕು ನಡೆಸಬೇಕಾದವನಿಗೆ ಕಪ್ಪೆಯ ಹೆಸರು ಯಾಕೆ ಬೇಕು? ಪ್ರಶ್ನೆ ಹಾಸ್ಯದ್ದಾಗಿ ಕಂಡರೂ ಅದಕ್ಕೆ ಒಂದೂಮುಕ್ಕಾಲು ಶತಮಾನದ ಇತಿಹಾಸವಿದೆ. ಆಳುವವನಿಗೆ ಏನು ಗೊತ್ತಿರಬೇಕು ಎಂಬುದನ್ನು ಯಾರು ತೀರ್ಮಾನಿಸಿದರು, ಆ ತೀರ್ಮಾನದಿಂದ ಯಾರು ಒಳಗೆ ಬಂದರು, ಯಾರು ಹೊರಗೆ ನಿಂತರು ಎಂಬುದೇ ಆ ಇತಿಹಾಸ.

ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಈ ತಾಪತ್ರಯವಿರಲಿಲ್ಲ. ಕಂಪನಿಯ ಡೈರೆಕ್ಟರುಗಳು ತಮ್ಮ ಅಣ್ಣನ ಮಗನನ್ನೋ ಸ್ನೇಹಿತನ ಅಳಿಯನನ್ನೋ ಹೆಸರಿಸುತ್ತಿದ್ದರು. ಹುಡುಗ ಹೈಲಿಬರಿ ಕಾಲೇಜಿನಲ್ಲಿ ಎರಡು ವರ್ಷ ಓದಿ ಹಡಗು ಹತ್ತುತ್ತಿದ್ದ. ಜನಸಂಖ್ಯೆಯ ಬಗ್ಗೆ ಜಗತ್ತನ್ನೇ ಹೆದರಿಸಿದ ಮಾಲ್ಥಸ್ ಅಲ್ಲಿ ಪ್ರಾಧ್ಯಾಪಕನಾಗಿದ್ದ ಎಂಬುದನ್ನು ಬಿಟ್ಟರೆ ಆ ಕಾಲೇಜಿಗೆ ಹೇಳಿಕೊಳ್ಳುವಂಥ ಕೀರ್ತಿಯಿರಲಿಲ್ಲ. 1853ರ ಚಾರ್ಟರ್ ಕಾಯ್ದೆ ಈ ನಾಮಕರಣದ ಪದ್ಧತಿಯನ್ನು ರದ್ದುಗೊಳಿಸಿ ಸ್ಪರ್ಧಾತ್ಮಕ ಪರೀಕ್ಷೆಗೆ ದಾರಿ ಮಾಡಿತು. ಪರೀಕ್ಷೆಯ ಸ್ವರೂಪ ಹೇಗಿರಬೇಕೆಂದು ಹೇಳಲು 1854ರಲ್ಲಿ ನೇಮಕಗೊಂಡ ಸಮಿತಿಯ ಮುಖ್ಯಸ್ಥ ನಮಗೆಲ್ಲ ಬೇರೆ ಕಾರಣಕ್ಕೆ ಚಿರಪರಿಚಿತನಾದ ಮೆಕಾಲೆ.

ಮೆಕಾಲೆಯ ವಾದ ಸರಳ. ಹುಡುಗ ಏನು ಕಲಿತಿದ್ದಾನೆ ಎಂಬುದು ಮುಖ್ಯವಲ್ಲ, ಕಲಿತದ್ದನ್ನು ಎಷ್ಟು ಚೆನ್ನಾಗಿ ಕಲಿತಿದ್ದಾನೆ ಎಂಬುದು ಮುಖ್ಯ. 1833ರಷ್ಟು ಹಿಂದೆಯೇ ಪಾರ್ಲಿಮೆಂಟಿನಲ್ಲಿ ಆತ ಹೇಳಿದ್ದನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ, ವಿಶ್ವವಿದ್ಯಾಲಯದಲ್ಲಿ ಜ್ಯೋತಿಷ್ಯ ಕಲಿಸುತ್ತಿದ್ದರೆ ಎಲ್ಲರಿಗಿಂತ ಚೆನ್ನಾಗಿ ಜಾತಕ ಬರೆಯುವ ಹುಡುಗನೇ ಮುಂದೆ ಗಟ್ಟಿಗನಾಗುತ್ತಾನೆ! ಎಲ್ಲದರಲ್ಲೂ ಒಂದಿಷ್ಟು ಮೇಲೆಮೇಲೆ ತಿಳಿದವನಿಗೆ ಅಂಕವನ್ನೇ ಕೊಡಬಾರದು ಎಂದು ಅವನ ಸಮಿತಿ ಕಟ್ಟುನಿಟ್ಟಾಗಿ ಹೇಳಿತು. ಅಂದರೆ ಇವತ್ತು ನಾವು ಸಾಮಾನ್ಯ ಜ್ಞಾನ ಎಂದು ಯಾವುದನ್ನು ಕರೆಯುತ್ತೇವೆಯೋ ಅದು ಈ ಪರೀಕ್ಷೆಯ ಜನಕನಿಗೆ ದೋಷವಾಗಿ ಕಂಡಿತ್ತು.

ಆದರೆ ಯಾವ ವಿಷಯವಾದರೂ ಆದೀತು ಎಂದ ಸಮಿತಿಯ ಅಂಕಪಟ್ಟಿ ಬೇರೆ ಕಥೆ ಹೇಳುತ್ತದೆ. ಒಟ್ಟು 6,875 ಅಂಕ. ಅದರಲ್ಲಿ ಇಂಗ್ಲಿಷ್ ಭಾಷೆ, ಸಾಹಿತ್ಯ, ಚರಿತ್ರೆಗಳಿಗೆ 1,500. ಗ್ರೀಕ್‌ಗೆ 750, ಲ್ಯಾಟಿನ್‌ಗೆ 750. ಸಂಸ್ಕೃತಕ್ಕೆ 375, ಅರಬ್ಬಿಗೆ 375. ಭಾರತವನ್ನು ಆಳಲು ಹೊರಟವನಿಗೆ ಪಾಣಿನಿಯ ಭಾಷೆಗಿಂತ ಹೋಮರನ ಭಾಷೆ ಎರಡು ಪಟ್ಟು ಬೆಲೆಯುಳ್ಳದ್ದು. ಕನ್ನಡ, ತಮಿಳು, ಬಂಗಾಳಿಗಳ ಮಾತೇ ಇಲ್ಲ. ಅವನ್ನೆಲ್ಲ ಆಯ್ಕೆಯಾದ ಮೇಲೆ ಕಲಿತರಾಯಿತು. ಪರೀಕ್ಷೆ ನಡೆಯುವುದು ಲಂಡನ್ನಿನಲ್ಲಿ. ಬಾಗಿಲು ಎಲ್ಲರಿಗೂ ತೆರೆದಿದೆ ಎಂದು ಸಾರಲಾಯಿತು, ನಿಜ. ಬಾಗಿಲವರೆಗೆ ಹೋಗಲು ಕಡಲು ದಾಟಬೇಕಿತ್ತು, ಅಷ್ಟೆ.

ಹಾಗೆ ದಾಟಿ ಹೋಗಿ 1863ರಲ್ಲಿ ಗೆದ್ದ ಮೊದಲ ಭಾರತೀಯ ಸತ್ಯೇಂದ್ರನಾಥ ಟಾಗೋರ್, ರವೀಂದ್ರರ ಅಣ್ಣ. ಬೊಂಬಾಯಿ ಪ್ರಾಂತದ ಸೇವೆಗೆ ಸೇರಿದ ಅವರು ನಮ್ಮ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1883ರಲ್ಲಿ ಅಣ್ಣನ ಮನೆಗೆ ಬಂದ ಇಪ್ಪತ್ತೆರಡರ ರವೀಂದ್ರರು ಅಲ್ಲಿಯೇ ಒಂದು ನಾಟಕ ಬರೆದದ್ದು, ಈಗ ಕಡಲತೀರಕ್ಕೆ ಅವರ ಹೆಸರಿರುವುದು ಕಾರವಾರದವರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಆದರೆ ಸತ್ಯೇಂದ್ರರ ಜೊತೆಗೇ ಹಡಗು ಹತ್ತಿದ ಗೆಳೆಯ ಮನಮೋಹನ ಘೋಷರನ್ನು ನೆನೆಯುವವರು ಕಡಿಮೆ. ಅವರು ಎರಡು ಬಾರಿ ಕುಳಿತು ಎರಡು ಬಾರಿಯೂ ಸೋತರು. ಬ್ಯಾರಿಸ್ಟರರಾಗಿ ಹಿಂದಿರುಗುವ ಹೊತ್ತಿಗೆ ಈ ಮುಕ್ತ ಸ್ಪರ್ಧೆ ಭಾರತೀಯರಿಗೆ ಎಷ್ಟರಮಟ್ಟಿಗೆ ಮುಕ್ತ ಎಂದು ಕೇಳುವ ಕಿರುಹೊತ್ತಿಗೆಯೊಂದನ್ನು 1866ರಲ್ಲಿ ಪ್ರಕಟಿಸಿದರು. ಗೆದ್ದವರ ಆತ್ಮಕಥೆಗಳಿಗಿಂತ ಸೋತವರ ದೂರುಗಳಿಂದ ಒಂದು ಪರೀಕ್ಷೆಯ ಸ್ವರೂಪ ಹೆಚ್ಚು ತಿಳಿಯುತ್ತದೆ ಎಂಬುದು ನನ್ನ ಅನುಭವ.

ಈ ಪಟ್ಟಿಯ ಅತಿ ವಿಚಿತ್ರ ಪ್ರಕರಣ ಅರವಿಂದ ಘೋಷರದು. ಏಳನೆಯ ವಯಸ್ಸಿಗೇ ಇಂಗ್ಲೆಂಡ್ ಸೇರಿದ ಅವರು 1890ರ ಪರೀಕ್ಷೆಯಲ್ಲಿ ಹನ್ನೊಂದನೆಯವರಾಗಿ ತೇರ್ಗಡೆಯಾದರು. ಗ್ರೀಕ್, ಲ್ಯಾಟಿನ್‌ಗಳಲ್ಲಿ ಇಂಗ್ಲಿಷ್ ಹುಡುಗರನ್ನೇ ಹಿಂದೆ ಹಾಕಿದರು. ತಾಯಿನುಡಿ ಬಂಗಾಳಿಯನ್ನು ಅವರು ಕಲಿತದ್ದು ಆಮೇಲೆ, ಕೇಂಬ್ರಿಜ್‌ನಲ್ಲಿ ಪ್ರೊಬೇಷನರ್ ಆಗಿದ್ದಾಗ! ಕೊನೆಗೆ ಕುದುರೆ ಸವಾರಿಯ ಪರೀಕ್ಷೆ ಪೂರೈಸಲಿಲ್ಲ ಎಂದು 1892ರಲ್ಲಿ ಅವರನ್ನು ಕೈಬಿಟ್ಟರು. ಹೋಮರ್ ಬಂದರೂ ಕುದುರೆ ಬಾರದಿದ್ದರೆ ಜಿಲ್ಲೆ ಆಳಲಾಗದು.

ಇತ್ತ ಲಂಡನ್ನಿನಲ್ಲಿ ಮೆಕಾಲೆ ಊಹಿಸದ ಒಂದು ಬೆಳೆ ಹುಲುಸಾಗಿ ಬೆಳೆದಿತ್ತು. ಪರೀಕ್ಷೆ ಎಲ್ಲಿದೆಯೋ ಅಲ್ಲಿ ಪಾಠ ಮಾರುವವರು ಇರುತ್ತಾರೆ. ವಾಲ್ಟರ್ ರೆನ್ ಎಂಬಾತ ನಡೆಸುತ್ತಿದ್ದ ತರಬೇತಿ ಶಾಲೆ ಅವುಗಳಲ್ಲಿ ಹೆಸರುವಾಸಿ. ಯಾವ ವಿಷಯಕ್ಕೆ ಅಂಕ ಸಲೀಸು, ಯಾವುದನ್ನು ಬಿಡಬೇಕು, ಎಷ್ಟನ್ನು ಉರು ಹೊಡೆಯಬೇಕು ಎಂಬ ಲೆಕ್ಕವೇ ಅಲ್ಲಿಯ ವಿದ್ಯೆ. ರೆನ್ ಮಹಾಶಯ 1880ರಲ್ಲಿ ಪಾರ್ಲಿಮೆಂಟಿಗೂ ಆರಿಸಿಬಂದ. ಆ ಚುನಾವಣೆ ಅಸಿಂಧುವಾಯಿತು ಎಂಬುದು ಬೇರೆ ಮಾತು. ಕೋಚಿಂಗ್ ಎಂಬುದು ನಮ್ಮ ದೆಹಲಿ ಕಂಡುಹಿಡಿದ ರೋಗವೆಂದು ತಿಳಿದವರು ಇದನ್ನು ಗಮನಿಸಬೇಕು.

ಈ ಉರು ಹೊಡೆಯುವ ವಿದ್ಯೆಗೆ ಮದ್ದೆಂದು ಬಂದದ್ದೇ ಪ್ರಚಲಿತ ವಿದ್ಯಮಾನದ ಪತ್ರಿಕೆ ಎಂದರೆ ಇಂದಿನ ಅಭ್ಯರ್ಥಿಗಳು ನಕ್ಕಾರು. ಬ್ರಿಟನ್ನಿನ ಸಿವಿಲ್ ಸರ್ವಿಸ್ ಕಮಿಷನರ್ ಸ್ಟ್ಯಾನ್ಲಿ ಲೀತ್ಸ್ ಅವರ ಸಮಿತಿ ಉನ್ನತ ಸೇವೆಗಳ ಪರೀಕ್ಷೆಯನ್ನು ಪರಿಶೀಲಿಸಿ 1917ರಲ್ಲಿ ವರದಿ ಕೊಟ್ಟಿತು. ಐಚ್ಛಿಕ ವಿಷಯ ಯಾವುದೇ ಇರಲಿ, ಎಲ್ಲರೂ ಬರೆಯಲೇಬೇಕಾದ ಕೆಲವು ಪತ್ರಿಕೆಗಳನ್ನು ಅದು ಸೂಚಿಸಿತು. ಪ್ರಬಂಧ, ಇಂಗ್ಲಿಷ್, ಮತ್ತೊಂದು ಭಾಷೆ. ಇವುಗಳೊಂದಿಗೆ ಎರಡು ಹೊಸ ಅತಿಥಿಗಳು. ಒಂದರ ಹೆಸರು ‘ದಿನನಿತ್ಯದ ವಿಜ್ಞಾನ’. ಇನ್ನೊಂದರ ಹೆಸರು ‘ಇಂದಿನ ಕಾಲ’: ಸಮಕಾಲೀನ ಸಾಮಾಜಿಕ, ಆರ್ಥಿಕ, ರಾಜಕೀಯ ವಿಷಯಗಳ ಮೇಲಿನ ಪ್ರಶ್ನೆಗಳು, 100 ಅಂಕ. ಜೊತೆಗೆ 300 ಅಂಕಗಳ ಮೌಖಿಕ ಪರೀಕ್ಷೆ. ಶಾಲೆಯ ಗ್ರೀಕ್ ವ್ಯಾಕರಣವನ್ನು ಕಂಠಪಾಠ ಮಾಡಿಸಬಹುದು. ನಿನ್ನೆ ಮೊನ್ನೆ ನಡೆದದ್ದನ್ನು ಯಾರು ಕಂಠಪಾಠ ಮಾಡಿಸಿಯಾರು, ಕಣ್ಣು ಕಿವಿ ತೆರೆದಿಟ್ಟವನಿಗೆ ಮಾತ್ರ ಅದು ಗೊತ್ತಿರುತ್ತದೆ ಎಂಬ ನಂಬಿಕೆ ಇದರ ಹಿಂದಿತ್ತೆಂದು ಊಹಿಸುವುದು ಕಷ್ಟವಲ್ಲ. ಯುದ್ಧದ ನಂತರ ಈ ಚೌಕಟ್ಟು ಐಸಿಎಸ್ ಪರೀಕ್ಷೆಗೂ ಬಂತು. 1922ರಲ್ಲಿ, ಕಾಮನ್ಸ್ ಸಭೆ ಆ ಬಗ್ಗೆ ನಿರ್ಣಯ ಮಾಡಿ ಇಪ್ಪತ್ತೊಂಬತ್ತು ವರ್ಷಗಳಾದ ಮೇಲೆ, ಪರೀಕ್ಷೆಯೇ ಅಲಹಾಬಾದಿಗೂ ಬಂತು.

ಮೈಸೂರು ಸಂಸ್ಥಾನ ಈ ವಿಷಯದಲ್ಲಿ ಬ್ರಿಟಿಷ್ ಇಂಡಿಯಾಕ್ಕಿಂತ ಮುಂದಿತ್ತು. ದಿವಾನ್ ಶೇಷಾದ್ರಿ ಅಯ್ಯರ್ 1891ರಲ್ಲೇ ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆ ಆರಂಭಿಸಿದರು. ಕಡಲು ದಾಟುವ ಪ್ರಮೇಯವಿಲ್ಲದೆ ಹುಡುಗರು ಅಧಿಕಾರಿಗಳಾದರು. ನಮ್ಮ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಸೇವೆಗೆ ಬಂದದ್ದು ಈ ದಾರಿಯಿಂದಲೇ. ಆದರೆ ಕಡಲಿಲ್ಲದ ಕಡೆಯೂ ದಾಟಲಾಗದ ದೂರಗಳಿರುತ್ತವೆ. ಇಂಗ್ಲಿಷ್ ವಿದ್ಯೆ ಮೊದಲು ತಲುಪಿದ ಮನೆಗಳ ಮಕ್ಕಳೇ ಹುದ್ದೆಗಳನ್ನು ತುಂಬಿದರು. ಪ್ರಜಾಮಿತ್ರ ಮಂಡಳಿಯವರು ಮಹಾರಾಜರ ಬಳಿಗೆ ನಿಯೋಗ ಹೋದರು. 1918ರಲ್ಲಿ ನೇಮಕವಾದ, ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಸಮಿತಿ, ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದ ಸಮುದಾಯಗಳಿಗೆ ಸಿಗಬೇಕೆಂದು ಶಿಫಾರಸು ಮಾಡಿತು. ಅರ್ಹತೆಯ ಮಾನದಂಡವನ್ನು ಬಿಡಬಾರದು ಎಂಬ ನಿಲುವಿನ ಸರ್. ಎಂ. ವಿಶ್ವೇಶ್ವರಯ್ಯನವರು ಆ ವರ್ಷದ ಕೊನೆಯಲ್ಲಿ ದಿವಾನಗಿರಿ ಬಿಟ್ಟುದಕ್ಕೆ ಈ ಭಿನ್ನಾಭಿಪ್ರಾಯವೂ ಒಂದು ಕಾರಣ. ವಿಶ್ವೇಶ್ವರಯ್ಯನವರ ಪ್ರಾಮಾಣಿಕತೆಯನ್ನು ಯಾರೂ ಶಂಕಿಸುವಂತಿಲ್ಲ. ಆದರೆ ಪರೀಕ್ಷೆ ಅಳೆಯುವುದು ಬುದ್ಧಿಯನ್ನೋ, ಬುದ್ಧಿಗೆ ಸಿಕ್ಕ ಅವಕಾಶವನ್ನೋ ಎಂಬ ಪ್ರಶ್ನೆಯನ್ನು ಮಿಲ್ಲರ್ ಸಮಿತಿ ಸರಿಯಾದ ಹೊತ್ತಿಗೆ ಎತ್ತಿತು ಎಂದೇ ನನಗೆ ಅನ್ನಿಸುತ್ತದೆ.

ಸ್ವಾತಂತ್ರ್ಯ ಬಂದಾಗ ಐಸಿಎಸ್ ಹೋಗಿ ಐಎಎಸ್ ಬಂತು, ಪರೀಕ್ಷೆಯ ಚೌಕಟ್ಟು ಉಳಿಯಿತು. ‘ಇಂದಿನ ಕಾಲ’ ಸಾಮಾನ್ಯ ಜ್ಞಾನವೆಂಬ ಹೆಸರಿನಿಂದ 150 ಅಂಕಗಳ ಕಡ್ಡಾಯ ಪತ್ರಿಕೆಯಾಯಿತು. ಗಡಿಯಾಚೆ ಪಾಕಿಸ್ತಾನದಲ್ಲೂ ಅಷ್ಟೆ. ಅಲ್ಲಿಯ ಕೇಂದ್ರ ಸೇವೆಗಳ ಪರೀಕ್ಷೆಯಲ್ಲಿ ಲೀತ್ಸ್ ಸಾಹೇಬರ ‘ದಿನನಿತ್ಯದ ವಿಜ್ಞಾನ’ ಅದೇ ಹೆಸರಿನಲ್ಲಿ 2015ರವರೆಗೂ ಬದುಕಿತ್ತು. ದೇಶ ಒಡೆದವರು ಪ್ರಶ್ನೆಪತ್ರಿಕೆಯನ್ನು ಮಾತ್ರ ಒಡೆಯಲಿಲ್ಲ.

ಭಾಷೆಯ ಬಾಗಿಲು ತೆರೆದದ್ದು ನಿಧಾನವಾಗಿ. 1969ರಲ್ಲಿ ಪ್ರಬಂಧ ಮತ್ತು ಸಾಮಾನ್ಯ ಜ್ಞಾನ, ಈ ಎರಡನ್ನು ಮಾತ್ರ ಸಂವಿಧಾನದ ಎಂಟನೆಯ ಪರಿಚ್ಛೇದದ ಭಾಷೆಗಳಲ್ಲಿ ಬರೆಯಲು ಅವಕಾಶವಾಯಿತು. ಭೌತವಿಜ್ಞಾನಿ ಡಿ. ಎಸ್. ಕೊಠಾರಿಯವರ ಸಮಿತಿ 1976ರಲ್ಲಿ ಕೊಟ್ಟ ವರದಿಯಂತೆ 1979ರಿಂದ ಪರೀಕ್ಷೆ ಪೂರ್ವಭಾವಿ, ಮುಖ್ಯ, ಸಂದರ್ಶನ ಎಂದು ಮೂರು ಹಂತದ್ದಾಯಿತು; ಮುಖ್ಯ ಪರೀಕ್ಷೆಯ ಉತ್ತರಗಳನ್ನು ಕನ್ನಡದಲ್ಲೂ ಬರೆಯಬಹುದಾಯಿತು. ಗಮನಿಸಿ: ಉತ್ತರಗಳನ್ನು. ಭಾಷಾ ಪತ್ರಿಕೆಗಳನ್ನು ಬಿಟ್ಟರೆ ಪ್ರಶ್ನೆಗಳು ಇಂದಿಗೂ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತವೆ. ಪೂರ್ವಭಾವಿಯಂತೂ ಸರಿಯುತ್ತರ ಗುರುತಿಸುವ ಪರೀಕ್ಷೆ. ಅಲ್ಲಿ ಉತ್ತರಕ್ಕೆ ಭಾಷೆಯೇ ಬೇಕಿಲ್ಲ, ಪ್ರಶ್ನೆಗೆ ಮಾತ್ರ ಬೇಕು. ಆ ಭಾಷೆ ಕನ್ನಡವಲ್ಲ.

ಇದೇ ಅವಧಿಯಲ್ಲಿ ಸಾಮಾನ್ಯ ಜ್ಞಾನವೂ ‘ಸಾಮಾನ್ಯ ಅಧ್ಯಯನ’ವಾಗಿ ಬಡ್ತಿ ಪಡೆದು ಊದಿಕೊಳ್ಳುತ್ತ ಹೋಯಿತು. 1979ರ ಮುಖ್ಯ ಪರೀಕ್ಷೆಯಲ್ಲಿ ಅದಕ್ಕೆ 600 ಅಂಕ. 2013ರ ಬದಲಾವಣೆಯಲ್ಲಿ ನಾಲ್ಕು ಪತ್ರಿಕೆ, 1,000 ಅಂಕ. ಸಂದರ್ಶನವೂ ಸೇರಿ ಪರೀಕ್ಷೆಯ ಒಟ್ಟು ಅಂಕ 2,025. ನೂರರಿಂದ ಹೊರಟು ಸಾವಿರಕ್ಕೆ ಮುಟ್ಟಿದ ಈ ಪಯಣದಲ್ಲಿ ರೆನ್ ಮಹಾಶಯನ ವಂಶಸ್ಥರು ಹಿಂದೆ ಬೀಳಲಿಲ್ಲ. ಉರು ಹೊಡೆಯಲಾಗದ್ದು ಎಂದು ಆರಿಸಿಕೊಂಡ ವಿಷಯ ತಿಂಗಳ ಮಾಸಿಕ, ವರ್ಷದ ಇಯರ್ ಬುಕ್, ಈಗ ಮೊಬೈಲಿನ ದೈನಿಕ ರಸಪ್ರಶ್ನೆಯಾಗಿ ಎಲ್ಲಕ್ಕಿಂತ ಹೆಚ್ಚು ಉರು ಹೊಡೆಯುವ ವಿಷಯವಾಗಿದೆ. 2011ರಲ್ಲಿ ಇದಕ್ಕೂ ಮದ್ದೆಂದು ಪೂರ್ವಭಾವಿಯಲ್ಲಿ ಗ್ರಹಿಕೆ, ತರ್ಕ, ಲೆಕ್ಕಗಳ ‘ಸಿ-ಸ್ಯಾಟ್’ ಪತ್ರಿಕೆ ತಂದರು. ಇಂಗ್ಲಿಷ್ ಶಾಲೆ ಮತ್ತು ಎಂಜಿನಿಯರಿಂಗ್ ಹಿನ್ನೆಲೆಯವರಿಗೆ ಮಾತ್ರ ಅದು ಸಲೀಸು ಎಂದು 2014ರಲ್ಲಿ ದೆಹಲಿಯಲ್ಲಿ ಗಲಾಟೆಯೆದ್ದಿತು. ಉಕ್ಕಿನ ಕಾರ್ಖಾನೆ ಎಂಬರ್ಥದ ‘ಸ್ಟೀಲ್ ಪ್ಲಾಂಟ್’ ಹಿಂದಿಯಲ್ಲಿ ಉಕ್ಕಿನ ಗಿಡವಾಗಿದೆ ಎಂಬುದು ಆಗಿನ ದೂರುಗಳಲ್ಲೊಂದು. 2015ರಿಂದ ಅದು ಶೇ 33 ಅಂಕ ಪಡೆದರೆ ಸಾಕಾದ ಅರ್ಹತಾ ಪತ್ರಿಕೆಯಾಯಿತು.

ಗಿಡದ ಕಥೆ ಹಿಂದಿಯವರದಾಯಿತು ಎಂದು ನಾವು ನಗುವಂತಿಲ್ಲ. 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗಾಗಿ ಕರ್ನಾಟಕ ಲೋಕಸೇವಾ ಆಯೋಗ 2024ರ ಆಗಸ್ಟ್ 27ರಂದು ಪೂರ್ವಭಾವಿ ಪರೀಕ್ಷೆ ನಡೆಸಿತು. ಪ್ರಶ್ನೆಗಳನ್ನು ಇಂಗ್ಲಿಷಿನಲ್ಲಿ ತಯಾರಿಸಿ ಕನ್ನಡಕ್ಕೆ ಅನುವಾದ ಮಾಡಲಾಗಿತ್ತು. ಅನುವಾದ ಎಷ್ಟು ಕೆಟ್ಟಿತ್ತೆಂದರೆ ಮರುಪರೀಕ್ಷೆ ನಡೆಸುವಂತೆ ಮುಖ್ಯಮಂತ್ರಿಯೇ ಸೂಚಿಸಬೇಕಾಯಿತು. ಡಿಸೆಂಬರ್ 29ರಂದು ಮರುಪರೀಕ್ಷೆಯೂ ನಡೆಯಿತು, ಅದರಲ್ಲೂ ತಪ್ಪುಗಳು ಕಾಣಿಸಿಕೊಂಡು ಅಭ್ಯರ್ಥಿಗಳು ಮತ್ತೆ ಬೀದಿಗಿಳಿದರು. ಕನ್ನಡದಲ್ಲೇ ಓದಿ ಬಂದ ಹಳ್ಳಿಯ ಹುಡುಗ ಕರ್ನಾಟಕದ ತಾಲ್ಲೂಕಿಗೆ ಅಧಿಕಾರಿಯಾಗಲು ಕನ್ನಡದ ಪ್ರಶ್ನೆಯ ಅರ್ಥ ತಿಳಿಯಲೆಂದು ಇಂಗ್ಲಿಷ್ ಸಾಲಿನ ಮೇಲೆ ಬೆರಳಿಡಬೇಕಾಯಿತು. ಮರುದಿನದ ಪತ್ರಿಕೆಗಳಲ್ಲಿ ಈ ಸುದ್ದಿ ಬಂದಾಗ ಸಪ್ತಾಪುರದ ವಾಚನಾಲಯದಲ್ಲಿ ಯಾರಾದರೂ ಅದರ ಕೆಳಗೂ ಗೆರೆ ಎಳೆದಿರಬಹುದು. ಅದೂ ಪ್ರಚಲಿತ ವಿದ್ಯಮಾನವೇ ತಾನೆ.