ಸ್ಯಾಂಕಿ ಸಾಹೇಬರೂ ನಂದಿ ಸೀಮೆಯ ಕೆರೆಗಳೂ

ಒಳ್ಳೆಯ ಮಳೆಯಾದ ವರ್ಷ ನಂದಿದುರ್ಗದ ನೆತ್ತಿಯ ಮೇಲೆ ನಿಂತು ಮುಂಜಾನೆಯ ಮಂಜು ಕರಗುವುದನ್ನು ಕಾದು ನೋಡಿದವರಿಗೆ, ಕೆಳಗಣ ಬಯಲಿನಲ್ಲಿ ಕನ್ನಡಿಯ ಚೂರುಗಳನ್ನು ಚೆಲ್ಲಿದಂತೆ ಕೆರೆಗಳು ಹೊಳೆಯುವುದು ಕಾಣುತ್ತದೆ. ಈ ಬೆಟ್ಟಸಾಲಿನ ಆಸುಪಾಸಿನಲ್ಲಿಯೇ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ, ಪಾಲಾರ್ ಎಂಬ ಐದು ನದಿಗಳು ಹುಟ್ಟುತ್ತವೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ ತಾಲ್ಲೂಕುಗಳು ಇವುಗಳ ತವರು. ಆದರೆ ತವರಿನಲ್ಲಿ ಇವು ನದಿಗಳಾಗಿ ನಿಲ್ಲುವುದಿಲ್ಲ. ಮಳೆ ಬಂದಾಗ ಹರಿದು, ಉಳಿದ ಕಾಲದಲ್ಲಿ ಮರಳಾಗಿ ಮಲಗುತ್ತವೆ. ಆದುದರಿಂದಲೇ ನಮ್ಮ ಹಿರಿಯರು ಹಳ್ಳಹಳ್ಳಕ್ಕೂ ಏರಿ ಕಟ್ಟಿ ನೀರನ್ನು ನಿಲ್ಲಿಸಿದರು.

ಈ ಕೆರೆಗಳನ್ನು ಮೊದಲ ಬಾರಿಗೆ ಇಡಿಯಾಗಿ ಲೆಕ್ಕಕ್ಕೆ ತಂದ ಒಬ್ಬ ಯೋಧನ ವಿಚಾರವನ್ನು ಇಲ್ಲಿ ಹೇಳಬೇಕಾಗಿದೆ. ಅವರ ಹೆಸರು ಬೆಂಗಳೂರಿನವರಿಗೆಲ್ಲ ಪರಿಚಿತ. ಮಲ್ಲೇಶ್ವರದ ಬಳಿ 1882ರಲ್ಲಿ ಸಿದ್ಧವಾದ ಕೆರೆಗೆ ಆ ಹೆಸರೇ ನಿಂತಿದೆ. ಸಂಜೆಯ ಹೊತ್ತು ಅದರ ದಂಡೆಯಲ್ಲಿ ತಿರುಗಾಡುವ ನಾಗರಿಕರಲ್ಲಿ ಸ್ಯಾಂಕಿ ಎಂಬುದು ಮನುಷ್ಯನೊಬ್ಬನ ಹೆಸರೆಂದು ಅರಿತವರು ಎಷ್ಟು ಮಂದಿಯೋ!

ರಿಚರ್ಡ್ ಹೈರಾಮ್ ಸ್ಯಾಂಕಿ 1829ರಲ್ಲಿ ಐರ್ಲೆಂಡ್ ದೇಶದಲ್ಲಿ ಜನಿಸಿದರು. ಈಸ್ಟ್ ಇಂಡಿಯಾ ಕಂಪೆನಿಯ ಆಡಿಸ್ಕೂಂಬ್ ಸೈನಿಕ ವಿದ್ಯಾಲಯದಲ್ಲಿ ಓದುತ್ತಿದ್ದಾಗ ಚಿತ್ರಕಲೆಗೆ ಬಹುಮಾನ ಪಡೆದರು. 1846ರಲ್ಲಿ ಮದರಾಸು ಎಂಜಿನಿಯರ್ ದಳವನ್ನು ಸೇರಿದರು. 1857ರಲ್ಲಿ ಉತ್ತರ ಹಿಂದೂಸ್ಥಾನದಲ್ಲಿ ಸಿಪಾಯಿಗಳು ಎದ್ದಾಗ ಅಲಹಾಬಾದು, ಕಾನ್ಪುರ, ಲಖನೌಗಳಲ್ಲಿ ಕಂಪೆನಿಯ ಸೇನೆಯೊಡನೆ ಕೆಲಸ ಮಾಡಿದರು. ನದಿಗಳಿಗೆ ಸೇತುವೆ ಹಾಕುವುದು, ಫಿರಂಗಿಗಳಿಗೆ ದಾರಿ ಮಾಡುವುದು, ಅಡ್ಡಬಂದ ಬೀದಿಗಳನ್ನು ನೆಲಸಮ ಮಾಡುವುದು, ಇವು ಅವರ ಕರ್ತವ್ಯಗಳಾಗಿದ್ದವು. ಅವರಿಗೆ ವಿಕ್ಟೋರಿಯಾ ಕ್ರಾಸ್ ಪದಕವನ್ನು ಕೊಡಬೇಕೆಂದು ಮೇಲಧಿಕಾರಿಗಳು ಶಿಫಾರಸು ಮಾಡಿದರು, ಪದಕವು ಬರಲಿಲ್ಲ.

1861ರಲ್ಲಿ ಅವರು ಮೈಸೂರಿಗೆ ಬಂದರು. ಸಂಸ್ಥಾನವು ಆಗ ಕಮಿಷನರರ ಆಡಳಿತದಲ್ಲಿದ್ದಿತು. 1864ರಲ್ಲಿ ಮುಖ್ಯ ಎಂಜಿನಿಯರ್ ಪದವಿ ದೊರೆಯಿತು. ಮುಂದಣ ಹದಿಮೂರು ವರ್ಷಗಳು ಅವರ ಜೀವನದ ಫಲಕಾಲವೆನ್ನಬಹುದು. ಬೆಂಗಳೂರಿನ ಕೋಟೆಯಲ್ಲಿ ಟಿಪ್ಪುವಿನ ಅರಮನೆಯೊಳಗೆ ಇಕ್ಕಟ್ಟಾಗಿ ನಡೆಯುತ್ತಿದ್ದ ಹದಿನೆಂಟು ಇಲಾಖೆಗಳಿಗಾಗಿ ಅವರು ರಚಿಸಿದ ಕಟ್ಟಡವೇ ಕೆಂಪು ಬಣ್ಣದ ಅಠಾರಾ ಕಚೇರಿ. 1864ರಲ್ಲಿ ಆರಂಭವಾದ ಕೆಲಸವು 1868ರಲ್ಲಿ ಮುಗಿಯಿತು. ಸಾಲುಗಂಬಗಳ ಆ ಮುಖಮಂಟಪಗಳಲ್ಲಿ ಗ್ರೀಕರ ಗಾಂಭೀರ್ಯವಿದೆ. ಅದರೆದುರು 1870ರಲ್ಲಿ ಅವರೇ ಹಾಕಿಸಿದ ಉದ್ಯಾನದಲ್ಲಿ ಚಿತ್ರಕಾರನ ಕಣ್ಣಿದೆ. ಇಂದು ನಾವು ಕಬ್ಬನ್ ಪಾರ್ಕ್ ಎನ್ನುವುದು ಅದನ್ನೇ. 1877ರ ವಸ್ತುಸಂಗ್ರಹಾಲಯದ ಕಟ್ಟಡವೂ ಅವರದೇ ಕಲ್ಪನೆ. ಉಚ್ಚ ನ್ಯಾಯಾಲಯವು ನೆಲಸಿರುವ ಅಠಾರಾ ಕಚೇರಿಯನ್ನು ಕೆಡವಬೇಕೆಂಬ ಪ್ರಸ್ತಾಪವು 1980ರ ದಶಕದಲ್ಲಿ ಬಂದಾಗ ನಾಗರಿಕರೇ ವಿರೋಧಿಸಿ ಅದನ್ನು ಉಳಿಸಿಕೊಂಡರು. ಒಬ್ಬ ಶಿಲ್ಪಿಗೆ ಇದಕ್ಕಿಂತ ದೊಡ್ಡ ಗೌರವ ಬೇರೊಂದಿಲ್ಲ.

ಆದರೆ ಕಣ್ಣಿಗೆ ಕಾಣುವ ಈ ಕಟ್ಟಡಗಳಿಗಿಂತ, ಅಷ್ಟಾಗಿ ಕಾಣದ ಅವರ ಇನ್ನೊಂದು ಕೆಲಸ ಹಿರಿದೆಂದು ನನ್ನ ಭಾವನೆ. ಕೆರೆಗಳ ವಿಚಾರದಲ್ಲಿ ಅಂದಿನವರೆಗಿನ ಸರ್ಕಾರಿ ರೀತಿಯೇನೆಂದರೆ, ಏರಿ ಒಡೆದಾಗ ಒಡೆದ ಕೆರೆಯೊಂದನ್ನೇ ದುರಸ್ತು ಮಾಡುವುದು. ಸ್ಯಾಂಕಿಯವರು ಪ್ರತ್ಯೇಕವಾಗಿ ನೀರಾವರಿ ಇಲಾಖೆಯನ್ನು ಏರ್ಪಡಿಸಿ, ಕಣಿವೆಕಣಿವೆಯನ್ನೇ ಅಳೆಯಿಸಿದರು. ಮೇಲಣ ಕೆರೆಯ ಕೋಡಿ ಹರಿದರೆ ಆ ನೀರು ಯಾವ ಕೆರೆಗೆ ಇಳಿಯುತ್ತದೆ, ಅದು ತುಂಬಿ ಇನ್ನಾವುದಕ್ಕೆ ಹೋಗುತ್ತದೆ, ಒಂದೊಂದು ಕೆರೆಗೂ ಎಷ್ಟು ನೆಲದ ಮಳೆನೀರು ಹರಿದುಬರುತ್ತದೆ, ಏರಿಯ ಎತ್ತರವೂ ಕೋಡಿಯ ಅಗಲವೂ ಅದಕ್ಕೆ ತಕ್ಕಂತಿವೆಯೇ, ಇದೆಲ್ಲವನ್ನೂ ಲೆಕ್ಕ ಹಾಕಿಸಿದರು. ಮೇಲಣ ಒಂದು ಕೆರೆ ಒಡೆದರೆ ಆ ಪ್ರವಾಹಕ್ಕೆ ಸಾಲಿನ ಕೆರೆಗಳೆಲ್ಲ ಒಂದರ ಹಿಂದೊಂದು ಒಡೆಯುವುದು ಈ ಸೀಮೆಯ ರೈತರು ಕಂಡುಂಡ ಸಂಗತಿ. ಆ ಅನುಭವವೇ ಇಲ್ಲಿ ಶಾಸ್ತ್ರವಾಯಿತು.

ಸಂಸ್ಥಾನದ 27,269 ಚದರ ಮೈಲಿಗಳಲ್ಲಿ ನೂರಕ್ಕೆ ಸುಮಾರು ಅರವತ್ತು ಪಾಲು ನೆಲವು ಕೆರೆಗಳ ವ್ಯವಸ್ಥೆಗೆ ಒಳಪಟ್ಟಿದೆಯೆಂದು ಅವರು ಕಂಡುಕೊಂಡರು. ಹೊಸದಾಗಿ ಕೆರೆ ಕಟ್ಟಲು ಸ್ಥಳವನ್ನು ಹುಡುಕುವುದೇ ಇಲ್ಲಿ ಜಾಣತನದ ಕೆಲಸವೆಂದೂ, ಕಟ್ಟಿದರೆ ಕೆಳಗಿನ ಯಾವುದೋ ಹಳೆಯ ಕೆರೆಯ ನೀರನ್ನು ಅದು ಕಸಿಯುವುದೆಂದೂ ಬರೆದರು. ವಿದ್ಯಾವಂತನಾದ ಪರದೇಶದ ಎಂಜಿನಿಯರೊಬ್ಬನು ಹೆಸರಿಲ್ಲದ ನಮ್ಮ ಒಡ್ಡರಿಗೂ, ಕೆರೆ ಕಟ್ಟಿಸಿ ಕಟ್ಟುಕೊಡಗೆ ಪಡೆದ ಗೌಡರಿಗೂ, ತೂಬು ತೆಗೆದು ನೀರು ಹಂಚುವ ನೀರಗಂಟಿಗಳಿಗೂ ಸಲ್ಲಿಸಿದ ಮಾನಪತ್ರವೆಂದೇ ಇದನ್ನು ತಿಳಿಯಬೇಕು. ಮುಂದೆ 1892ರಲ್ಲಿ ಮೈಸೂರು ಮದರಾಸುಗಳ ನಡುವೆ ಆದ ಒಪ್ಪಂದದಲ್ಲಿಯೂ, ಮೇಲಿನವನು ಕಟ್ಟುವುದಕ್ಕೆ ಮುಂಚೆ ಕೆಳಗಿನವನನ್ನು ಕೇಳಬೇಕೆಂಬ ಈ ತತ್ತ್ವವೇ ಕಾಣುತ್ತದೆ.

ಆದರೆ ಲೆಕ್ಕ ಬರೆದ ಮಾತ್ರಕ್ಕೆ ಕೆರೆ ತುಂಬುವುದಿಲ್ಲ. ಧಾತು, ಈಶ್ವರ ಸಂವತ್ಸರಗಳ ಕ್ಷಾಮವು ಬಂದಾಗ ಕೋಲಾರದ ಸೀಮೆ ಬೆಂದುಹೋಯಿತು. 1871ರ ಖಾನೇಷುಮಾರಿಯಲ್ಲಿ ಸುಮಾರು 50 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿದ್ದಿತು. ಆ ಕ್ಷಾಮದ ನಡುವೆಯೇ, 1877ರಲ್ಲಿ, ಸ್ಯಾಂಕಿಯವರಿಗೆ ಸಿಮ್ಲಾಕ್ಕೆ ವರ್ಗವಾಯಿತು. ಬಳಿಕ ಆಫ್ಘನ್ ಯುದ್ಧದಲ್ಲಿ ಕಂದಾಹಾರದ ಸೇನೆಯೊಡನೆ ಹೋದರು. ಮದರಾಸಿನಲ್ಲಿಯೂ ಐರ್ಲೆಂಡಿನಲ್ಲಿಯೂ ಮರಾಮತ್ತು ಇಲಾಖೆಗಳ ಹಿರಿಯ ಪದವಿಗಳಲ್ಲಿದ್ದು, 1892ರಲ್ಲಿ ಸರ್ ಬಿರುದು ಪಡೆದು, 1908ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಅದರ ಮರುವರ್ಷವೇ ಮೈಸೂರಿನ ಮುಖ್ಯ ಎಂಜಿನಿಯರ್ ಪೀಠಕ್ಕೆ ಬಂದವರು ನಂದಿಯ ತಪ್ಪಲಿನ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು.

ಇಂಥವರನ್ನು ನಾವು ಗೌರವಿಸಬಹುದೇ ಎಂದು ಕೇಳುವವರು ಉಂಟು. ಕೇಳಬೇಕಾದ ಪ್ರಶ್ನೆಯೇ. 1857ರಲ್ಲಿ ಅವರು ನಮ್ಮವರ ಎದುರು ನಿಂತವರು. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ, ಉತ್ತರ ಪಿನಾಕಿನಿಯ ದಡದಲ್ಲಿ, 1938ರ ಏಪ್ರಿಲ್ 25ರಂದು ಬಾವುಟ ಹಿಡಿದು ಗುಂಡಿಗೆ ಎದೆಗೊಟ್ಟವರ ನೆಲವಿದು. ಆ ನೆನಪನ್ನು ಮರೆತು ಯಾರನ್ನೂ ಹೊಗಳಬೇಕಾಗಿಲ್ಲ. ಯೋಧನಿಗೆ ನಾವು ಹಾರ ಹಾಕುವುದಿಲ್ಲ. ಆದರೆ ಯುದ್ಧದಲ್ಲಿ ಬೀದಿಗಳನ್ನು ಕೆಡವಿದ ಕೈಯೇ ಇಲ್ಲಿ ಕಟ್ಟಿತು. ಕಟ್ಟುವುದಕ್ಕೆ ಮೊದಲು ಇಲ್ಲಿನವರು ಕಟ್ಟಿದ್ದನ್ನು ವಿನಯದಿಂದ ಓದಿಕೊಂಡಿತು. ಆ ವಿನಯಕ್ಕೆ ನಮಸ್ಕಾರ ಸಲ್ಲಬೇಕು.

ಈಗ ಆ ಕೆರೆಗಳ ಗತಿಯೇನು? ಕೋಲಾರ ಜಿಲ್ಲೆಯಿಂದ ಬೇರೆಯಾಗಿ 2007ರಲ್ಲಿ ಚಿಕ್ಕಬಳ್ಳಾಪುರವೇ ಜಿಲ್ಲೆಯಾಯಿತು. ಅಷ್ಟರಲ್ಲಿ ಎಷ್ಟೋ ಕೆರೆಗಳಲ್ಲಿ ಹೂಳು ತುಂಬಿದ್ದಿತು, ರಾಜಕಾಲುವೆಗಳು ಮುಚ್ಚಿದ್ದವು, ಕೊಳವೆ ಬಾವಿಗಳು ಸಾವಿರ ಅಡಿ ದಾಟಿದ್ದವು. ಕೊನೆಗೆ ಬೆಂಗಳೂರಿನ ಕೊಳಚೆ ನೀರನ್ನೇ ಸಂಸ್ಕರಿಸಿ ಕೊಳವೆಯ ಮೂಲಕ ಕಂದವಾರದ ಕೆರೆಯೇ ಮೊದಲಾದವಕ್ಕೆ ತುಂಬಿಸಬೇಕಾಯಿತು. ಹಾಗೆ ತುಂಬಿಸುವಾಗಲೂ ಮೇಲಣ ಕೆರೆ ತುಂಬಿ ಕೋಡಿ ಹರಿದು ಕೆಳಗಣದಕ್ಕೆ ಇಳಿಯಬೇಕು. ಸಾಲು ಕಡಿದಿದ್ದರೆ ಆ ನೀರೂ ಮುಂದೆ ಹೋಗದು. ಪಟ್ಟಣಿಗರಾದ ನಾವು ಅಠಾರಾ ಕಚೇರಿಯನ್ನು ಉಳಿಸಿಕೊಂಡೆವು. ಅದನ್ನು ರಚಿಸಿದವರು ಅಳೆಯಿಸಿದ ಕೆರೆಗಳ ಸಾಲನ್ನೂ ಉಳಿಸಿಕೊಂಡ ದಿನ, ಅವರಿಗೆ ಮಾತ್ರವಲ್ಲ, ಅವರಿಗಿಂತ ಮೊದಲು ಮಣ್ಣು ಹೊತ್ತ ಅಜ್ಞಾತರಿಗೂ ನಮ್ಮ ಗೌರವವು ಸಂದಂತಾಗುತ್ತದೆ.