‘ಯುರೇಷಿಯನ್’ ಎಂಬ ಸಂಜ್ಞೆ: ವೈಟ್‌ಫೀಲ್ಡಿನ ದತ್ತಿಭೂಮಿಯೂ ಒಂದು ಪದದ ಅರ್ಥಪರಿಣಾಮವೂ

ಬೆಂಗಳೂರಿನ ಪೂರ್ವದಿಕ್ಕಿನಲ್ಲಿ, ಕಾಡುಗೋಡಿ, ಹೂಡಿ, ನಲ್ಲೂರಹಳ್ಳಿ, ಪಟ್ಟಂದೂರು ಅಗ್ರಹಾರ ಮೊದಲಾದ ಗ್ರಾಮಗಳ ನಡುವೆ, ವೈಟ್‌ಫೀಲ್ಡ್ ಎಂಬ ಆಂಗ್ಲನಾಮವನ್ನು ಧರಿಸಿರುವ ಪ್ರದೇಶವು ಇಂದು ಸಾಫ್ಟ್‌ವೇರ್ ಉದ್ಯಮದ ಕ್ಷೇತ್ರವೆಂದು ಪ್ರಖ್ಯಾತವಾಗಿರುವುದಾದರೂ, ಅದರ ಮೂಲವನ್ನು ಅರಸಿ ಹೋದವನಿಗೆ ಮೊದಲು ಎದುರಾಗುವುದು ಯಂತ್ರವೂ ಅಲ್ಲ, ವಾಣಿಜ್ಯವೂ ಅಲ್ಲ. ಈಗ ಭಾರತದಲ್ಲಿ ಯಾರೂ ತಮ್ಮ ಕುಲವನ್ನು ಹೇಳಿಕೊಳ್ಳಲು ಬಳಸದ ಒಂದು ಇಂಗ್ಲಿಷ್ ಪದ. 1882ರಲ್ಲಿ ಮೈಸೂರಿನ ಮಹಾರಾಜರಾದ ಹತ್ತನೆಯ ಚಾಮರಾಜೇಂದ್ರ ಒಡೆಯರು ಸುಮಾರು 3,900 ಎಕರೆ ಭೂಮಿಯನ್ನು ದಯಪಾಲಿಸಿದ್ದು ‘ಮೈಸೂರು ಮತ್ತು ಕೊಡಗಿನ ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘ’ಕ್ಕೆ. ಈ ದೀರ್ಘವಾದ ಹೆಸರಿನಲ್ಲಿ ‘ಯುರೇಷಿಯನ್’ ಎಂಬುದೂ ‘ಆಂಗ್ಲೋ-ಇಂಡಿಯನ್’ ಎಂಬುದೂ ಒಂದರ ಪಕ್ಕದಲ್ಲೊಂದು ನಿಂತಿವೆ. ಇಂದಿನ ವ್ಯವಹಾರದಲ್ಲಿ ಒಂದೇ ಜನವನ್ನು ಸೂಚಿಸುವಂತೆ ತೋರುವ ಈ ಎರಡು ಪದಗಳನ್ನು ಅಂದಿನವರು ಬೇರೆಬೇರೆಯಾಗಿ ಇಟ್ಟದ್ದೇಕೆ, ಇವುಗಳಲ್ಲಿ ಮೊದಲನೆಯದು ಲುಪ್ತವಾಗಿ ಎರಡನೆಯದು ಉಳಿದದ್ದು ಹೇಗೆ ಎಂಬುದೇ ಪ್ರಕೃತ ಲೇಖನದ ವಿಚಾರ.

ನಾಮಪದಗಳನ್ನು ನಮ್ಮ ವೈಯಾಕರಣರು ರೂಢನಾಮ, ಅಂಕಿತನಾಮ, ಅನ್ವರ್ಥನಾಮವೆಂದು ವಿಂಗಡಿಸಿದ್ದಾರೆ. ಈ ವಿಭಾಗವನ್ನು ಕೈದೀವಿಗೆಯಾಗಿ ಹಿಡಿದು ನೋಡಿದರೆ, ಐರೋಪ್ಯ ಪಿತೃಗಳಿಗೂ ಭಾರತೀಯ ಮಾತೆಯರಿಗೂ ಜನಿಸಿದ ಸಂತತಿಗೆ ಕಾಲಕಾಲಕ್ಕೆ ಇಟ್ಟ ಹೆಸರುಗಳ ಚರಿತ್ರೆಯು ಬಹುಮಟ್ಟಿಗೆ ಸ್ಪಷ್ಟವಾಗುತ್ತದೆ. ಪೋರ್ಚುಗೀಸರ ಕಾಲದಿಂದ ಬಂದ ‘ಮಸ್ಟೀಸ್’ ಎಂಬ ಮಾತು ಮಿಶ್ರಿತವೆಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಹುಟ್ಟಿದುದು. ‘ಟೊಪಾಸ್’ ಎಂಬುದನ್ನು ಕೆಲವರು ಟೋಪಿಯೊಡನೆ, ಕೆಲವರು ದ್ವಿಭಾಷಿ ಎಂಬುದರೊಡನೆ ಜೋಡಿಸಿದರು. ‘ಹಾಫ್-ಕಾಸ್ಟ್’ ಎಂಬ ಇಂಗ್ಲಿಷ್ ಪದದ ಉತ್ತರಾರ್ಧವು ಪೋರ್ಚುಗೀಸರು ನಮ್ಮ ಜಾತಿವ್ಯವಸ್ಥೆಗೆ ಇಟ್ಟ ಹೆಸರೇ ಆಗಿದ್ದು, ಅದರ ಪೂರ್ವಾರ್ಧವು ಮನುಷ್ಯನನ್ನು ಅರೆಯೆಂದು ಅಳೆಯುವ ತಿರಸ್ಕಾರವನ್ನು ಹೊತ್ತಿತ್ತು. ಈ ಜನರ ಉಚ್ಚಾರಣೆಯನ್ನು ಹಾಸ್ಯಮಾಡಲು ಆಂಗ್ಲರು ಬಳಸಿದ ‘ಚೀ-ಚೀ’ ಎಂಬ ಮಾತಾದರೋ ನಮ್ಮ ‘ಛೀ ಛೀ’ ಎಂಬ ಉದ್ಗಾರದಿಂದಲೇ ಹೊರಟದ್ದೆಂದು ನಿಘಂಟುಕಾರರು ಹೇಳುತ್ತಾರೆ. ಕನ್ನಡವು ಈ ಮಿಶ್ರಸಂತತಿಗೂ ಐರೋಪ್ಯರಿಗೂ ಹೆಚ್ಚಿನ ಭೇದವೆಣಿಸದೆ, ಕಡಲಾಚೆಯಿಂದ ಬಂದುದನ್ನೆಲ್ಲ ‘ಪರಂಗಿ’ಯೆಂದು ಕರೆದುಬಿಟ್ಟಿತು, ಆ ಪದವು ಈಗ ಮನುಷ್ಯರನ್ನು ಬಹುಮಟ್ಟಿಗೆ ಬಿಟ್ಟು ಹಿತ್ತಿಲ ಪರಂಗಿ ಹಣ್ಣಿನಲ್ಲಿ ನೆಲೆನಿಂತಿದೆ.

ಇವೆಲ್ಲ ಪರರು ಇಟ್ಟ ಹೆಸರುಗಳು. ತಮಗೆ ತಾವೇ ಒಂದು ಹೆಸರನ್ನು ಇಟ್ಟುಕೊಳ್ಳಬೇಕೆಂಬ ಅಗತ್ಯವು ಈ ಸಮುದಾಯಕ್ಕೆ ತೋರಿದ್ದು ಆಡಳಿತದ ಆಜ್ಞೆಗಳ ಪೆಟ್ಟು ಬಿದ್ದ ಮೇಲೆ. 1786ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಕಲ್ಕತ್ತೆಯ ಅನಾಥಾಲಯದ ಇಂಥ ಮಕ್ಕಳು ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ಹೋಗದಂತೆ ತಡೆಯಿತು. 1791ರಲ್ಲಿ ಭಾರತೀಯ ತಾಯಿಯ ಅಥವಾ ತಂದೆಯ ಮಕ್ಕಳಿಗೆ ತನ್ನ ನಾಗರಿಕ, ಸೈನಿಕ ಮತ್ತು ನೌಕಾಸೇವೆಗಳ ಬಾಗಿಲನ್ನು ಮುಚ್ಚಿತು. 1795ರಲ್ಲಿ, ತಾಯ್ತಂದೆಗಳಲ್ಲಿ ಒಬ್ಬರಾದರೂ ಐರೋಪ್ಯರಲ್ಲದವರು ಸೈನ್ಯದಲ್ಲಿ ಕೊಳಲೂದುವವರು, ತಮಟೆ ಬಾರಿಸುವವರು, ವಾದ್ಯಗಾರರು ಮತ್ತು ಕುದುರೆಗೆ ಲಾಳ ಕಟ್ಟುವವರಾಗಿ ಮಾತ್ರ ಇರತಕ್ಕದ್ದೆಂದು ವಿಧಿಸಿತು. ವಂಶದ ಪ್ರಶ್ನೆಯು ಹೀಗೆ ಉದ್ಯೋಗದ ಪ್ರಶ್ನೆಯಾದೊಡನೆ ಹೆಸರು ಕೇವಲ ಗುರುತಾಗಿ ಉಳಿಯದೆ, ಅರ್ಜಿಯ ತಲೆಬರಹವಾಯಿತು. ಜಾನ್ ರಿಕೆಟ್ಸ್ ಎಂಬವರು ಸಮುದಾಯದ ಪರವಾಗಿ ಲಂಡನ್ನಿಗೆ ಕೊಂಡೊಯ್ದು 1830ರಲ್ಲಿ ಪಾರ್ಲಿಮೆಂಟಿನ ಮುಂದೆ ಇಡಿಸಿದ ಮನವಿಯಲ್ಲಿ ಅವರು ತಮ್ಮನ್ನು ‘ಈಸ್ಟ್ ಇಂಡಿಯನ್’ ಎಂದು ಕರೆದುಕೊಂಡಿದ್ದರು. ಧರ್ಮ, ಜನ್ಮಸ್ಥಳ, ವಂಶ, ವರ್ಣಗಳ ಕಾರಣದಿಂದ ಯಾರಿಗೂ ಉದ್ಯೋಗವನ್ನು ನಿರಾಕರಿಸಬಾರದೆಂದು 1833ರ ಸನದು ಶಾಸನದ 87ನೆಯ ಪ್ರಕರಣವು ಸಾರಿತಾದರೂ, ಶಾಸನದ ಮಾತಿಗೂ ಕಚೇರಿಯ ನಡವಳಿಕೆಗೂ ಅಂತರವು ಉಳಿದೇ ಉಳಿಯಿತು.

‘ಯುರೇಷಿಯನ್’ ಎಂಬ ಪದವು ಇಂಗ್ಲಿಷ್ ಬರಹದಲ್ಲಿ ಕಾಣಿಸಿಕೊಳ್ಳುವುದು ಹತ್ತೊಂಬತ್ತನೆಯ ಶತಮಾನದ ನಲವತ್ತರ ದಶಕದಲ್ಲಿ. ಯೂರೋಪು, ಏಷ್ಯಾ ಎಂಬ ಎರಡು ಖಂಡಗಳ ಹೆಸರನ್ನು ಸಂಧಿಮಾಡಿ ರಚಿಸಿದ ಈ ಶಬ್ದವು ನಮ್ಮ ವ್ಯಾಕರಣದ ದೃಷ್ಟಿಯಿಂದ ಶುದ್ಧವಾದ ಅನ್ವರ್ಥನಾಮ. ಅದರಲ್ಲಿ ಅರೆಯೆಂಬ ಅಳತೆಯಿಲ್ಲ, ಬೆರಕೆಯೆಂಬ ಹೀನಾಯವಿಲ್ಲ. ಎರಡು ಖಂಡಗಳೂ ಸರಿಸಮವಾಗಿ ನಿಲ್ಲುತ್ತವೆ. ‘ಹಾಫ್-ಕಾಸ್ಟ್’ ಎಂಬುದಕ್ಕಿಂತ ಸೌಮ್ಯವಾಗಿಯೂ ‘ಈಸ್ಟ್ ಇಂಡಿಯನ್’ ಎಂಬುದಕ್ಕಿಂತ ನಿಷ್ಕೃಷ್ಟವಾಗಿಯೂ ಇರಲೆಂದು ಕಲ್ಪಿಸಿದ ಪದವಿದೆಂದು ಹೆನ್ರಿ ಯೂಲ್ ಮತ್ತು ಎ. ಸಿ. ಬರ್ನೆಲ್ ತಮ್ಮ ‘ಹಾಬ್ಸನ್-ಜಾಬ್ಸನ್’ ಕೋಶದಲ್ಲಿ ವಿವರಿಸುತ್ತಾರೆ. ಈ ಇಬ್ಬರಲ್ಲಿ ಬರ್ನೆಲ್ಲರು ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದು ತುಳುನಾಡಿನ ಭೂತಾರಾಧನೆಯ ವಿಷಯವಾಗಿ ಸಾಮಗ್ರಿಯನ್ನು ಸಂಗ್ರಹಿಸಿದವರೆಂಬುದು ಕನ್ನಡಿಗರಿಗೆ ತಿಳಿದ ಸಂಗತಿಯೇ.

ಆದರೆ ಅದೇ ಕೋಶದ ಶೀರ್ಷಿಕೆಯನ್ನೇ ಒಂದು ಸಾಕ್ಷ್ಯವಾಗಿ ಓದಬೇಕಾಗಿದೆ. 1886ರಲ್ಲಿ ಪ್ರಕಟವಾದ ಆ ಗ್ರಂಥವು ತನ್ನನ್ನು ‘ಆಂಗ್ಲೋ-ಇಂಡಿಯನ್’ ಆಡುಮಾತುಗಳ ಕೋಶವೆಂದು ಕರೆದುಕೊಳ್ಳುತ್ತದೆ. ಅಲ್ಲಿ ‘ಆಂಗ್ಲೋ-ಇಂಡಿಯನ್’ ಎಂದರೆ ಮಿಶ್ರವಂಶೀಯರಲ್ಲ. ಭಾರತದಲ್ಲಿ ಅಧಿಕಾರಕ್ಕಾಗಿಯೋ ವ್ಯಾಪಾರಕ್ಕಾಗಿಯೋ ನೆಲೆಸಿದ ಆಂಗ್ಲರೇ. ಆಂಗ್ಲ ಲೇಖಕ ಕಿಪ್ಲಿಂಗರ ಕಾಲದ ಬರಹಗಳಲ್ಲಿ ಈ ವಿಶೇಷಣವು ಬಂದಲ್ಲಿ ಗ್ರಹಿಸಬೇಕಾದದ್ದು ಈ ಅರ್ಥವನ್ನೇ. ಅಂದರೆ ಒಂದು ಪದವು ಆಳುವವರದಾಗಿಯೂ, ಇನ್ನೊಂದು ಆಳುವವರಿಗೂ ಆಳಲ್ಪಡುವವರಿಗೂ ಮಧ್ಯೆ ಸಿಕ್ಕಿಕೊಂಡವರದಾಗಿಯೂ ಇದ್ದ ಕಾಲವದು.

ಭೂಮಿಯನ್ನು ಪಡೆದ ಆ ಸಂಘದ ಹೆಸರಿನಲ್ಲಿರುವ ‘ಮತ್ತು’ ಎಂಬ ಅವ್ಯಯದ ಬೆಲೆ ಈಗ ತಿಳಿಯುತ್ತದೆ. ಮದರಾಸಿನಲ್ಲಿ 1879ರಲ್ಲಿ ದಕ್ಷಿಣ ಭಾರತದ ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘವನ್ನು ಸ್ಥಾಪಿಸಿದ ಡಿ. ಎಸ್. ವೈಟ್ ಅವರು ಮಿಶ್ರವಂಶೀಯರನ್ನೂ, ಇಂಗ್ಲೆಂಡಿಗೆ ಹಿಂದಿರುಗುವ ಉದ್ದೇಶವಿಲ್ಲದೆ ಈ ನೆಲದಲ್ಲೇ ಊರಿದ ಬಡ ಐರೋಪ್ಯ ಕುಟುಂಬಗಳನ್ನೂ ಒಂದೇ ಸೂರಿನ ಕೆಳಗೆ ತರಲು ಬಯಸಿದರು. ಆದ್ದರಿಂದ ಎರಡು ಪದಗಳೂ ಬೇಕಾದವು. ಫಾರ್ಸಿಯ ಸ್ಥಾನಕ್ಕೆ ಇಂಗ್ಲಿಷ್ ಬಂದು, ಇಂಗ್ಲಿಷ್ ಕಲಿತ ಭಾರತೀಯರು ಗುಮಾಸ್ತೆಯ ಕೆಲಸಗಳಿಗೆ ಮುಂದೆ ಬಂದಂತೆಲ್ಲ ಈ ಸಮುದಾಯದ ಹಳೆಯ ಜೀವನಾಧಾರವು ಸಡಿಲವಾಗಿತ್ತು. ರೈಲ್ವೆ, ತಂತಿ, ಸುಂಕದ ಇಲಾಖೆಗಳು ಆಸರೆಯಾದರೂ ಅವೆಲ್ಲ ಸರ್ಕಾರದ ದಾಕ್ಷಿಣ್ಯವನ್ನು ಅವಲಂಬಿಸಿದ್ದವು. ಸಂಬಳದ ಹಂಗಿಲ್ಲದೆ ಬದುಕಲು ಬೇಸಾಯವೇ ದಾರಿಯೆಂಬುದು ವೈಟರ ನಿಲುವು. 1881ರ ಮಾರ್ಚ್ 25ರಂದು ರಾಜ್ಯಾಧಿಕಾರವು ಒಡೆಯರ ವಂಶಕ್ಕೆ ಮರಳಿದ ಮರುವರ್ಷವೇ ಈ ಭೂದಾನವು ನಡೆದದ್ದು ಗಮನಾರ್ಹ: ಬ್ರಿಟಿಷ್ ಪ್ರಾಂತದಲ್ಲಿ ಹುಟ್ಟಿದ ಒಂದು ಯೋಜನೆಗೆ ನೆಲ ಸಿಕ್ಕಿದ್ದು ದೇಶೀಯ ಸಂಸ್ಥಾನವೊಂದರ ಅರಸರಿಂದ.

ಹಾಗೆ ಏರ್ಪಟ್ಟ ವಸತಿಗೆ ವೈಟರ ಹೆಸರನ್ನೇ ಇಟ್ಟರು. ವೈಟ್‌ಫೀಲ್ಡ್ ಎಂಬುದು ಆದ್ದರಿಂದ ಅಂಕಿತನಾಮ. ಅದನ್ನು ಅನ್ವರ್ಥವೆಂದು ಭ್ರಮಿಸಿ ‘ಬಿಳಿಯರ ಬಯಲು’ ಎಂದು ಅರ್ಥಮಾಡುವುದು ಸುಲಭವಾದಷ್ಟೇ ತಪ್ಪು, ಏಕೆಂದರೆ ಬಿಳಿಯರು ತಮ್ಮವರೆಂದು ಪೂರ್ಣವಾಗಿ ಒಪ್ಪದ ಜನಕ್ಕಾಗಿಯೇ ಆ ಬಯಲು ಮೀಸಲಾಗಿತ್ತು. ನಡುವೆ ವೃತ್ತಾಕಾರದ ಬಯಲು, ಅದಕ್ಕೆ ಮುಖಮಾಡಿದ ತೋಟದ ಮನೆಗಳು, ಅವುಗಳ ಹಿಂದೆ ಇನ್ನೊಂದು ಸುತ್ತುದಾರಿ: ಹೀಗೆ ರಚಿತವಾದ ವಸತಿಯ ರೇಖೆಯು ‘ಇನ್ನರ್ ಸರ್ಕಲ್’, ‘ಔಟರ್ ಸರ್ಕಲ್’ ಎಂಬ ಬೀದಿಹೆಸರುಗಳಲ್ಲಿ ಇಂದಿಗೂ ಉಳಿದಿದ್ದು, ಅಪಾರ್ಟ್‌ಮೆಂಟಿನವರ ವಿಳಾಸಗಳಲ್ಲಿಯೂ ಪಾರ್ಸೆಲ್ ತರುವ ಹುಡುಗರ ಬಾಯಲ್ಲಿಯೂ ನಿತ್ಯ ಕೇಳಿಬರುತ್ತದೆ. ವೈಟರು 1889ರಲ್ಲಿ ತೀರಿಕೊಂಡರು. ವಸತಿಯು ಅವರು ಬಯಸಿದಂತೆ ದೊಡ್ಡ ಕೃಷಿಕಸಮಾಜವಾಗಿ ಬೆಳೆಯಲಿಲ್ಲ. ಬಹುಮಟ್ಟಿಗೆ ನಿವೃತ್ತರ ಶಾಂತವಾದ ಊರಾಗಿಯೇ ಉಳಿಯಿತು. ಆದರೂ 1933ರಲ್ಲಿ ಛೋಟಾನಾಗಪುರದ ಮೆಕ್ಲಸ್ಕಿಗಂಜಿನಲ್ಲಿ ಇದೇ ಬಗೆಯ ಪ್ರಯತ್ನವು ನಡೆಯುವುದಕ್ಕೆ ಅರ್ಧಶತಮಾನದಷ್ಟು ಮೊದಲೇ ಮೈಸೂರು ಸೀಮೆಯಲ್ಲಿ ಅದು ನಡೆದಿತ್ತೆಂಬುದನ್ನು ಮರೆಯಲಾಗದು.

‘ಆಂಗ್ಲೋ-ಇಂಡಿಯನ್’ ಎಂಬ ಪದದ ಅಸ್ಥಿರತೆಗೆ ಒಂದು ಪ್ರಬಲವಾದ ನಿದರ್ಶನವು ಮಹಾರಾಜರ ಭೂದಾನದ ಮರುವರ್ಷದಲ್ಲೇ ದೊರೆಯುತ್ತದೆ. ಭಾರತೀಯ ನ್ಯಾಯಾಧೀಶರು ಐರೋಪ್ಯರನ್ನು ವಿಚಾರಿಸಬಹುದೆಂಬ ಇಲ್ಬರ್ಟ್ ಮಸೂದೆಯನ್ನು ಪ್ರತಿಭಟಿಸಲು 1883ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿತವಾದ ಸಂಸ್ಥೆಯ ಹೆಸರು ‘ಐರೋಪ್ಯ ಮತ್ತು ಆಂಗ್ಲೋ-ಇಂಡಿಯನ್ ರಕ್ಷಣಾ ಸಂಘ’. ಬೆಂಗಳೂರಿನ ಹೊರವಲಯದಲ್ಲಿ ಉಳುವ ನೆಲಕ್ಕಾಗಿ ಬೇಡಿದವರ ಸಂಘದಲ್ಲಿಯೂ, ಕಲ್ಕತ್ತೆಯಲ್ಲಿ ಆಳುವ ಹಕ್ಕಿಗಾಗಿ ಗುಡುಗಿದ ತೋಟದ ದೊರೆಗಳ ಹಾಗೂ ವರ್ತಕರ ಸಂಘದಲ್ಲಿಯೂ ಒಂದೇ ಪದವು ಏಕಕಾಲದಲ್ಲಿ ಬಳಕೆಯಾಗಿದ್ದಿತೆಂದ ಮೇಲೆ, ಅದರ ಅರ್ಥವನ್ನು ನಿಘಂಟಿನಿಂದ ನಿರ್ಣಯಿಸಲಾಗದು. ಯಾರು, ಯಾರ ಮುಂದೆ, ಏನನ್ನು ಕೇಳುತ್ತ ಅದನ್ನು ಉಚ್ಚರಿಸಿದರೆಂಬುದರಿಂದಲೇ ನಿರ್ಣಯಿಸಬೇಕು.

ಇಷ್ಟರಲ್ಲಿ ‘ಯುರೇಷಿಯನ್’ ಎಂಬುದರ ಸೌಮ್ಯತೆಯು ಸವೆಯತೊಡಗಿತ್ತು. ಮರ್ಯಾದೆಗಾಗಿ ಕಲ್ಪಿಸಿದ ಪದವು, ಅದು ಸೂಚಿಸುವ ಜನದ ಬಗೆಗಿನ ತಾತ್ಸಾರವು ಹಾಗೆಯೇ ಇರುವತನಕ, ಆ ತಾತ್ಸಾರವನ್ನೇ ಮೈಗೂಡಿಸಿಕೊಳ್ಳುತ್ತದೆ. ಇದು ಅರ್ಥಾಪಕರ್ಷದ ಸರ್ವಸಾಮಾನ್ಯವಾದ ಮಾರ್ಗ. 1909ರಲ್ಲಿ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಗ್ರಂಥಮಾಲೆಯನ್ನು ಹೊರತಂದಾಗ ‘ಯುರೇಷಿಯನ್’ ಎಂಬುದು ಉಳಿದೆಲ್ಲ ಜಾತಿಗಳ ನಡುವೆ ಒಂದು ನಮೂದಾಗಿ, ದೇಹದ ಅಳತೆಗಳ ಸಮೇತ, ಅದರಲ್ಲಿ ಸೇರಿತು. ಅಳೆಯಲ್ಪಡುವವರ ಹೆಸರನ್ನು ಬಿಟ್ಟು ಅಳೆಯುವವರ ಹೆಸರನ್ನು ಪಡೆಯಬೇಕೆಂಬ ಆಸೆಯು ಸಮುದಾಯದ ಮುಖಂಡರಲ್ಲಿ ಬಲವಾದದ್ದು ಸಹಜವೇ. ಅವರ ಒತ್ತಾಯವು ಫಲಿಸಿ, ವೈಸರಾಯ್ ಲಾರ್ಡ್ ಹಾರ್ಡಿಂಜರ ಸರ್ಕಾರವು 1911ರ ಜನಗಣತಿಯಲ್ಲಿ ಮಿಶ್ರವಂಶೀಯರಿಗೆ ‘ಆಂಗ್ಲೋ-ಇಂಡಿಯನ್’ ಎಂಬ ಹೆಸರನ್ನೇ ಅಧಿಕೃತವಾಗಿ ಅಂಗೀಕರಿಸಿತು. ಒಂದು ಆಜ್ಞೆಯಿಂದ ಒಂದು ಪದವು ಲುಪ್ತವಾಯಿತು, ಇನ್ನೊಂದು ಅರ್ಥಾಂತರವನ್ನು ಹೊಂದಿತು.

ಮುಂದಿನ ಇತಿಹಾಸವು ವಿಧಿಗಳ ಇತಿಹಾಸವೇ. 1935ರ ಭಾರತ ಸರ್ಕಾರದ ಶಾಸನವು ಈ ಪದಕ್ಕೆ ಲಕ್ಷಣವನ್ನು ಹೇಳಿತು. ಸ್ವತಂತ್ರ ಭಾರತದ ಸಂವಿಧಾನವು 366ನೆಯ ಅನುಚ್ಛೇದದ ಎರಡನೆಯ ಖಂಡದಲ್ಲಿ ಅದನ್ನೇ ಬಹುಮಟ್ಟಿಗೆ ಉಳಿಸಿಕೊಂಡಿತು. ತಂದೆಯಾಗಲಿ, ಪಿತೃಪರಂಪರೆಯ ಬೇರೆ ಯಾವ ಪೂರ್ವಿಕನಾಗಲಿ ಐರೋಪ್ಯ ವಂಶದವನಾಗಿದ್ದು, ತಾನು ಭಾರತದಲ್ಲಿಯೇ ನೆಲೆಸಿ, ಇಲ್ಲಿ ಸ್ಥಿರವಾಗಿ ವಾಸಿಸಿದ ತಾಯ್ತಂದೆಗಳಿಗೆ ಇಲ್ಲಿಯೇ ಜನಿಸಿದವನು ಆಂಗ್ಲೋ-ಇಂಡಿಯನ್ ಎಂಬುದು ಅದರ ತಾತ್ಪರ್ಯ. ಇಲ್ಲಿ ಎರಡು ವಿಚಿತ್ರಗಳಿವೆ. ಪೂರ್ವಪದವು ‘ಆಂಗ್ಲೋ’ ಆಗಿದ್ದರೂ ಪೋರ್ಚುಗೀಸ್, ಡಚ್, ಫ್ರೆಂಚ್ ಮೂಲದವರೆಲ್ಲರೂ ಇದರಲ್ಲಿ ಅಡಕವಾಗುತ್ತಾರೆ. ತಾಯಿ ಐರೋಪ್ಯಳಾಗಿ ತಂದೆಯ ಕಡೆ ಭಾರತೀಯನಾದವನು ಮಾತ್ರ ಹೊರಗುಳಿಯುತ್ತಾನೆ. ಅನ್ವರ್ಥವೆಂದು ತೋರುವ ಪದವು ಹೀಗೆ ತನ್ನ ಅವಯವಾರ್ಥವನ್ನು ಒಂದು ಕಡೆ ಮೀರಿ, ಇನ್ನೊಂದು ಕಡೆ ಸಂಕೋಚಗೊಂಡು ನಿಂತಿದೆ. ಇದೇ ಲಕ್ಷಣವನ್ನು ಅವಲಂಬಿಸಿ 336ನೆಯ ಅನುಚ್ಛೇದವು ರೈಲ್ವೆ, ಸುಂಕ, ಅಂಚೆ ಮತ್ತು ತಂತಿ ಇಲಾಖೆಗಳ ಮೀಸಲು ನೇಮಕಗಳನ್ನು ಎರಡು ವರ್ಷಕ್ಕೊಮ್ಮೆ ಶೇಕಡಾ ಹತ್ತರಷ್ಟು ತಗ್ಗಿಸುತ್ತ ಹತ್ತು ವರ್ಷಗಳಲ್ಲಿ ಕೊನೆಗಾಣಿಸಿತು. ಇದೇ ಲಕ್ಷಣದ ಆಧಾರದಿಂದ ಲೋಕಸಭೆಗೆ ಇಬ್ಬರು ಸದಸ್ಯರೂ, ನಮ್ಮ ವಿಧಾನಸಭೆಗೆ ಚುನಾಯಿತರಾದ 224 ಮಂದಿಯ ಜೊತೆಗೆ ಒಬ್ಬ ಸದಸ್ಯರೂ ನಾಮಕರಣ ಹೊಂದುತ್ತಿದ್ದರು. 104ನೆಯ ತಿದ್ದುಪಡಿಯಿಂದಾಗಿ ಆ ಪದ್ಧತಿಯು 2020ರ ಜನವರಿಯಲ್ಲಿ ನಿಂತಿತು.

ತ್ಯಕ್ತವಾದ ಪದಗಳು ನಿರಾಶ್ರಿತವಾಗಲಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ‘ಈಸ್ಟ್ ಇಂಡಿಯನ್’ ಎಂಬುದನ್ನು 1887ರಲ್ಲಿ ಮುಂಬಯಿ ಮತ್ತು ಸಾಷ್ಟಿಯ ಸ್ಥಳೀಯ ಕ್ಯಾಥೊಲಿಕರು, ಗೋವೆಯಿಂದ ಬಂದವರಿಗಿಂತ ತಾವು ಬೇರೆಯೆಂದು ತೋರಿಸಲು, ತಮ್ಮದಾಗಿ ಮಾಡಿಕೊಂಡರು. ‘ಯುರೇಷಿಯನ್’ ಎಂಬುದಕ್ಕೆ ಸಿಂಗಪುರದಲ್ಲಿ ಇಂದಿಗೂ ಮರ್ಯಾದೆಯ ಸ್ಥಾನವಿದೆ. ಅಲ್ಲಿ ಆ ಹೆಸರಿನ ಸಂಘವು 1919ರಿಂದ ನಡೆದುಬಂದಿದೆ. ವೈಟ್‌ಫೀಲ್ಡಿನ ರೂಪವನ್ನು ಬದಲಿಸಿದ ಟೆಕ್ ಪಾರ್ಕು ತೊಂಬತ್ತರ ದಶಕದಲ್ಲಿ ಎದ್ದದ್ದು ಅದೇ ಸಿಂಗಪುರದ ಬಂಡವಾಳದ ಸಹಭಾಗಿತ್ವದಲ್ಲಿ. ಆ ಪದವನ್ನು ಬಿಟ್ಟ ಊರಿಗೂ ಅದನ್ನು ಉಳಿಸಿಕೊಂಡ ನಗರಕ್ಕೂ ಹೀಗೊಂದು ನಂಟು ಬೆಳೆದದ್ದು ಕಾಕತಾಳೀಯ. ಭೂಗರ್ಭಶಾಸ್ತ್ರಜ್ಞರು ಎರಡು ಖಂಡಗಳ ಏಕರಾಶಿಗೆ ಯುರೇಷಿಯಾ ಎಂಬ ಹೆಸರನ್ನು ಸ್ಥಿರಪಡಿಸಿದ ಮೇಲಂತೂ ಆ ವಿಶೇಷಣವು ಭೂಫಲಕಗಳಿಗೂ ಪಕ್ಷಿಗಳಿಗೂ ಸಲ್ಲುತ್ತಿದ್ದು, ಬೆಂಗಳೂರಿನ ಕೆರೆಗಳಲ್ಲಿ ಈಜುವ ಬಿಳಿಕೊಕ್ಕಿನ ಕರಿಹಕ್ಕಿಯನ್ನು ಪಕ್ಷಿವೀಕ್ಷಕರು ‘ಯುರೇಷಿಯನ್ ಕೂಟ್’ ಎಂದೇ ಗುರುತು ಹಾಕಿಕೊಳ್ಳುತ್ತಾರೆ.

ಈ ಸಮೀಕ್ಷೆಯಿಂದ ಫಲಿತವಾಗುವುದೇನೆಂದರೆ, ರೂಢ, ಅಂಕಿತ, ಅನ್ವರ್ಥಗಳೆಂಬ ವಿಭಾಗಕ್ಕೆ ನಾಲ್ಕನೆಯದೊಂದನ್ನು ಸೇರಿಸದೆ ಇಂಥ ಹೆಸರುಗಳನ್ನು ವಿವರಿಸಲಾಗದು. ಅದನ್ನು ವಿಧಿನಾಮವೆನ್ನಬಹುದು: ಅವಯವಾರ್ಥದಿಂದಲೂ ಅಲ್ಲ, ಜನರ ವಾಡಿಕೆಯಿಂದಲೂ ಅಲ್ಲ, ಜನಗಣತಿಯ ಅಂಕಣದಿಂದ, ನೇಮಕದ ನಿಯಮದಿಂದ, ಭೂದಾನದ ಪತ್ರದಿಂದ ಅರ್ಥವನ್ನು ಪಡೆಯುವ ಹೆಸರು. ಅಂಕಣವು ಬದಲಾದರೆ ಅದರ ಅರ್ಥವೂ ಬದಲಾಗುತ್ತದೆ. ಅಂಕಣವೇ ಹೋದರೆ ಹೆಸರು ಉಳಿದರೂ ಅದರ ಬಲವು ಉಳಿಯದು. ಮೈಸೂರು ಸಂಸ್ಥಾನದ ಹಳೆಯ ಕಡತಗಳನ್ನೂ ಇಂಗ್ಲಿಷ್ ಪತ್ರಿಕೆಗಳನ್ನೂ ಕನ್ನಡಕ್ಕೆ ತರುವವರು ಈ ಕಾರಣದಿಂದ, ‘ಆಂಗ್ಲೋ-ಇಂಡಿಯನ್’ ಎಂಬ ಪದವು ಎದುರಾದಲ್ಲಿ ಮೊದಲು ಬರಹದ ಇಸವಿಯನ್ನು ನೋಡತಕ್ಕದ್ದು. 1911ಕ್ಕೆ ಹಿಂದಿನದಾದರೆ ಅದು ದೊರೆಗಳ ಮಾತೋ ವೈಟ್‌ಫೀಲ್ಡಿನಲ್ಲಿ ನೇಗಿಲು ಹಿಡಿಯಲು ಬಂದವರ ಮಾತೋ ಎಂಬುದನ್ನು ಪ್ರಕರಣದಿಂದ ಗೊತ್ತುಪಡಿಸಿಕೊಂಡಲ್ಲದೆ ಮುಂದುವರಿಯಬಾರದು. ಹಾಗೆ ಮಾಡದಿದ್ದರೆ, ಇಲ್ಬರ್ಟ್ ಮಸೂದೆಯ ವಿರುದ್ಧ ಕೂಗಿದವರ ಅಹಂಕಾರವನ್ನು ಒಂದು ಬಡ ಸಮುದಾಯದ ತಲೆಗೆ ಕಟ್ಟಿದಂತಾಗುತ್ತದೆ.