ಹದಿನಾರು ಕನಸು

ಶಾಲೆಯ ಪ್ರವಾಸದಲ್ಲಿ ಶ್ರವಣಬೆಳಗೊಳದ ಚಿಕ್ಕಬೆಟ್ಟ ಹತ್ತಿದಾಗ, ಚಂದ್ರಗುಪ್ತ ಮೌರ್ಯ ಹದಿನಾರು ಕನಸು ಕಂಡು, ಭದ್ರಬಾಹು ಮುನಿಯಿಂದ ಅವುಗಳ ಫಲ ಕೇಳಿ, ರಾಜ್ಯ ತೊರೆದು ಇಲ್ಲಿಗೆ ಬಂದ ಕಥೆ ಹೇಳಿದೆ.

“ಇದು ಖರೇನ್ರಿ, ಅಕ್ಕೋರ?” ಎಂದಳು ಒಬ್ಬ ಹುಡುಗಿ.

“ಕಥಿ ಅದವ್ವಾ, ಪರೀಕ್ಷಾಕ್ಕ ಬರೂದಿಲ್ಲ” ಎಂದುಬಿಟ್ಟೆ. ಅವಳ ಮುಖ ಸಣ್ಣದಾಯಿತು.

ಧಾರವಾಡಕ್ಕೆ ಮರಳಿದ ಮೇಲೂ ಆ ಮುಖ ಕಾಡಿತು. ಆ ಕನಸುಗಳನ್ನು ಕನ್ನಡದಲ್ಲಿ ಬರೆದಿಟ್ಟವರಲ್ಲಿ ಒಬ್ಬ ಕನಕಗಿರಿಯ ದೇವಚಂದ್ರ. 1804ರಲ್ಲಿ ಮೋಜಣಿಗೆ ಬಂದ ಮೆಕೆಂಜಿ ಸಾಹೇಬ ಊರೂರಿನ ಹಳೆಯ ಸಂಗತಿ ವಿಚಾರಿಸುತ್ತಿದ್ದಾಗ ನೆರವಾದವನು. ಮುಂದೆ ಮೈಸೂರು ಅರಮನೆಯ ದೇವೀರಮ್ಮಣ್ಣಿಗಾಗಿ ‘ರಾಜಾವಳೀ ಕಥೆ’ ಬರೆದ. (ಓದುಗಳು ಹೆಣ್ಣುಮಗಳೆಂಬುದು ನನಗೆ ಹಿಗ್ಗು.) ಅದರಲ್ಲಿ ಪುರಾಣವೂ ಉಂಟು, ಮೈಸೂರಿನ ಅರಸರೂ ಉಂಟು. ಗ್ರೀಸಿನ ಹೆರೊಡೋಟಸನೂ ಹೀಗೆಯೇ ಕೇಳಿ ಕೇಳಿ ಬರೆದ. ಆದರೆ ಕೇಳಿದ್ದನ್ನು ಹೇಳುವುದಷ್ಟೇ ತನ್ನ ಕೆಲಸ, ಎಲ್ಲ ನಂಬಬೇಕೆಂದಿಲ್ಲ ಎಂದೂ ತಿಳಿಸಿದ. ದೇವಚಂದ್ರನಿಗೆ ಆ ಎಚ್ಚರ ಕಡಿಮೆಯೆನಿಸುತ್ತದೆ.

ಅದೇ ಬೆಟ್ಟದ, ಸುಮಾರು ಕ್ರಿ.ಶ. 600ರ ಶಾಸನದಲ್ಲಿ ಭದ್ರಬಾಹು ನುಡಿದ ಹನ್ನೆರಡು ವರ್ಷದ ಸಂಕಟವಿದೆ, ದಕ್ಷಿಣಕ್ಕೆ ಹೊರಟ ಸಂಘವಿದೆ. ಚಂದ್ರಗುಪ್ತನ ಹೆಸರಿಲ್ಲ. ಏಳನೆಯ ಶತಮಾನದ ಇನ್ನೊಂದರಲ್ಲಿ ಭದ್ರಬಾಹುವಿನ ಜೊತೆಗೆ ಚಂದ್ರಗುಪ್ತ ಮುನಿ ಬರುತ್ತಾನೆ, ಮೌರ್ಯನೆಂದಿಲ್ಲ. ಕನಸು ಎರಡರಲ್ಲೂ ಇಲ್ಲ.

ಸೋಮವಾರ ಹಲಗೆಯ ಮೇಲೆ ಗೆರೆ ಎಳೆದು, ಒಂದು ಕಡೆ ಕಲ್ಲು ಹೇಳಿದ್ದು, ಇನ್ನೊಂದು ಕಡೆ ದೇವಚಂದ್ರ ಹೇಳಿದ್ದು ಬರೆದೆ. ಆ ಹುಡುಗಿ ಎರಡನ್ನೂ ಬರೆದುಕೊಂಡಳು.